ಕಂಪನಿ ಗ್ರೂಪ್ ಇನ್ಶೂರೆನ್ಸ್‌ಗೆ ಹೆಸರು ಹಚ್ಚೂ ಟೈಮ್ ಮುಗೀತು ಅಂತಾರ, ಹೆಂಡ್ತಿ ಡೆಲಿವರಿ ಮುಂದಿನ ತಿಂಗಳ ಐತಿ

ತಾರಿಹಾಳ ಫಸ್ಟ್ ಶಿಫ್ಟ್

ಎಲ್ಲಾರಿಗೂ ನಮಸ್ಕಾರ್ರಿ. ಇದರಾಗ ತಿಳದವರು ಯಾರರ ಇದ್ರ ಹೇಳ್ರಿ, ಎರಡ ದಿನದಿಂದ ನಿದ್ದಿ ಹತ್ತವಲ್ದು.

ನಾ ಆಗಸ್ಟ್ 3ಕ್ಕ ತಾರಿಹಾಳದಾಗ ಒಂದ್ ಫ್ಯಾಕ್ಟರಿಗೆ ಜಾಯಿನ್ ಆಗೇನಿ, ಕ್ವಾಲಿಟಿ ಡಿಪಾರ್ಟ್‌ಮೆಂಟ್. ಮೊದಲ ಗೋಕುಲ ರೋಡ್‌ನಾಗ ಮೂರ ವರ್ಷ ಇದ್ದೆ, ಅಲ್ಲೆ ಪಗಾರ 18,500 ಇತ್ತು, ಇಎಸ್‌ಐ (ಕಮ್ಮಿ ಪಗಾರದ ನೌಕರರಿಗೆ ಸರಕಾರ ನಡಸೂ ವಿಮೆ) ಕಟ್ ಆಗ್ತಿತ್ತು. ಇಲ್ಲೆ ಗ್ರಾಸ್ 26,000, ಹಂಗಾಗಿ ಇಎಸ್‌ಐ ಇಲ್ಲ, ಅದರ ಬದ್ಲಿ ಗ್ರೂಪ್ ಮೆಡಿಕ್ಲೇಮ್ 3 ಲಕ್ಷ ಅಂತ ಆಫರ್ ಲೆಟರ್‌ನಾಗ ಐತಿ.

ಜಾಯಿನ್ ಆದ ವಾರಕ್ಕ ಒಂದ್ ಮೇಲ್ ಬಂದಿತ್ತು, ಲಿಂಕ್ ಒತ್ತಿ ಮನಿ ಮಂದಿ ಹೆಸರು ತುಂಬ್ರಿ, 15 ದಿನ ಟೈಮ್ ಅಂತ. ನಾ ಏನ್ ತಿಳಕೊಂಡೆ ಅಂದ್ರ, ಆರ ತಿಂಗಳ ಪ್ರೊಬೇಷನ್ ಐತಿ, ಕನ್ಫರ್ಮ್ ಆದ ಮ್ಯಾಲೆ ಇದೆಲ್ಲಾ ಬರ್ತೈತಿ ಅಂತ, ಬಾಜೂಕ ಕೂಡೂ ಹುಡುಗನೂ ಹಂಗ ಅಂದ, ಬಿಟ್ಟಬಿಟ್ಟೆ. ಮೊನ್ನೆ ಎಚ್‌ಆರ್ ಹಂತೇಕ ಹೋಗಿ ಕೇಳಿದ್ರ "ವಿಂಡೋ ಕ್ಲೋಸ್ ಆಗೇತಿ, ಇನ್ನ ಏಪ್ರಿಲ್ ರಿನೀವಲ್‌ಗೆ ನೋಡೂಣು" ಅಂದ್ರು.

ಹೆಂಡ್ತಿಗೆ ಅಕ್ಟೋಬರ್ ಎರಡನೇ ವಾರ ಡೇಟ್ ಕೊಟ್ಟಾರ. ಚೊಚ್ಚಲ ಬಾಣಂತನ, ರಾಣೇಬೆನ್ನೂರಿಗೆ ತವರು ಮನಿಗೆ ಹೋಗ್ಯಾಳ. ಅಪ್ಪ ತೀರಕೊಂಡ ಮ್ಯಾಲೆ ಅವ್ವ ಒಬ್ಬಾಕಿ ಸವಣೂರ ಕಡೆ ಊರಾಗ ಇರ್ತಾಳ, ಶುಗರ್ ಬಿಪಿ ಎರಡೂ ಅದಾವ, ಆಕಿನ್ನೂ ಸೇರಸಬೇಕಂತ ಇದ್ದೆ. ಈಗ ಏನರ ದಾರಿ ಐತೇನ್ರಿ, ಇಲ್ಲಾ ಏಪ್ರಿಲ್‌ಮಟ ಕೈ ಕಟಗೊಂಡ ಕೂಡೂದ? ಕೂಸು ಹುಟ್ಟಿದ ಮ್ಯಾಲೆ ಕೂಸಿನ ಹೆಸರು ಹಚ್ಚಾಕ ಬರ್ತೈತೊ ಇಲ್ಲೊ ಅದೂ ಗೊತ್ತಿಲ್ಲ.

ಧಾರವಾಡದ ಎಚ್‌ಆರ್

ತಮ್ಮಾ, ಗಾಬರಿ ಆಗಬ್ಯಾಡ. ನಾನೂ ಬೇಲೂರ ಇಂಡಸ್ಟ್ರಿಯಲ್ ಏರಿಯಾದಾಗ ಎಂಟ ವರ್ಷದಿಂದ ಇದೇ ಕೆಲಸಾ ಮಾಡ್ತೀನಿ, ಪ್ರತೀ ತಿಂಗಳ ಇಂಥದ್ದೊಂದ ಕೇಸ್ ನನ್ನ ಟೇಬಲ್‌ಗೆ ಬಂದೇ ಬರ್ತದ.

ಮೊದಲ ಒಂದ ತಿಳಕೋ, ಆ ಲಿಂಕಿನ್ಯಾಗ ಎರಡ ನಮೂನಿ ಹೆಸರು ಇರ್ತಾವ. ಒಂದು ಕಂಪನಿನೇ ಪ್ರೀಮಿಯಂ ಕಟ್ಟೋದು, ನೌಕರ, ಹೆಂಡ್ತಿ ಅಥವಾ ಗಂಡ, ಭಾಳಷ್ಟ ಕಡೆ ಎರಡ ಮಕ್ಕಳು. ಇನ್ನೊಂದು ನಾವ್ ಬೇಕಂದ್ರ ತಗೊಳ್ಳೋದು, ತಂದಿ ತಾಯಿ, ಅದಕ್ಕ ರೊಕ್ಕ ನಮ್ಮ ಪಗಾರದಾಗ ಕಟ್ ಆಗ್ತದ. ಮೊದಲನೇದ್ದು ಪಾಲಿಸಿ ಪ್ರಕಾರ ಎಲ್ಲಾರಿಗೂ ಕಂಪಲ್ಸರಿ ಇದ್ದರ, ನಿನ್ನ ಹೆಂಡ್ತಿಗೆ ಹಕ್ಕು ಹುಟ್ಟೋದು ನೀ ಫಾರ್ಮ್ ತುಂಬಿದ್ದಕ್ಕಲ್ಲ, ನೀ ಕೆಲಸಕ್ಕ ಸೇರಿದ್ದಕ್ಕ. ಫಾರ್ಮ್ ಬರೇ ಹೆಸರು, ಹುಟ್ಟಿದ ತಾರೀಖು ತಗೊಳ್ಳೋ ಸಂಬಂಧ. ಎರಡನೇದ್ದಕ್ಕ ಮಾತ್ರ ವಿಂಡೋ ಖರೇನೇ ಬಿಗಿ ಇರ್ತದ. ಯಾಕಂದ್ರ ಗ್ರೂಪ್ ಪಾಲಿಸಿಯೊಳಗ ಹಳೇ ರೋಗಕ್ಕೂ ಸಾಮಾನ್ಯವಾಗಿ ಮೊದಲನೇ ದಿನದಿಂದ ಕವರ್ ಕೊಡ್ತಾರ, ಹೆರಿಗೆಗೂ ಒಂಬತ್ತ ತಿಂಗಳ ಕಾಯೋ ಷರತ್ತ ತಗದಿರ್ತಾರ. ಆರಾಮ ಇದ್ದಾವ್ರು, ಇಲ್ಲದವ್ರು ಎಲ್ಲಾರೂ ಕೂಡೇ ಸೇರ್ತಾರ ಅನ್ನೋ ಲೆಕ್ಕದ ಮ್ಯಾಲೆ ಕೊಟ್ಟಿದ್ದದು. ಬ್ಯಾನಿ ಬಂದ ದಿನ ಹೆಸರು ಹಚ್ಚತೀನಿ ಅಂದ್ರ ಆ ಲೆಕ್ಕ ಮುರೀತದ.

ಇನ್ನ ಒಳಗಿನ ಕೆಲಸಾ ಹೆಂಗ ನಡೀತದ ಅಂದ್ರ, ಕಂಪನಿದು ಒಂದಿಷ್ಟ ರೊಕ್ಕ ಇನ್ಶೂರೆನ್ಸ್ ಕಂಪನಿ ಹತ್ರ ಮೊದಲೇ ಡಿಪಾಸಿಟ್ ಇರ್ತದ, ಸಿಡಿ ಬ್ಯಾಲೆನ್ಸ್ ಅಂತೀವಿ. ಪ್ರತೀ ತಿಂಗಳ ನಾವು ಹೊಸದಾಗಿ ಬಂದವ್ರು, ಬಿಟ್ಟು ಹೋದವ್ರು ಅಂತ ಎಕ್ಸೆಲ್ ಶೀಟ್ ಕಳಸ್ತೀವಿ, ಅವ್ರು ಜಾಯಿನ್ ಆದ ದಿನದಿಂದ ಎಷ್ಟ ದಿನ ಆಗ್ತದ ಅಷ್ಟಕ್ಕ ಪ್ರೀಮಿಯಂ ಮುರಕೊಂಡು ಎಂಡೋರ್ಸ್‌ಮೆಂಟ್, ಅಂದ್ರ ಪಾಲಿಸಿಗೆ ಹೆಸರು ಸೇರಿಸಿದ ಕಾಗದ, ಕಳಸ್ತಾರ, ಆಮ್ಯಾಲೆ ಟಿಪಿಎದಿಂದ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡೋ ಸಂಸ್ಥೆ) ಇ-ಕಾರ್ಡ್ ಬರ್ತದ. ಆ ಎಂಡೋರ್ಸ್‌ಮೆಂಟ್‌ನ್ಯಾಗ ಹೆಸರು ಇಲ್ಲಂದ್ರ ದವಾಖಾನಿ ಕೌಂಟರ್‌ನ್ಯಾಗ ಯಾರು ಏನ್ ಹೇಳಿದ್ರೂ ನಡ್ಯೂದಿಲ್ಲ.

ನಾಳೇನೇ ಎಚ್‌ಆರ್‌ಗೆ ಮೇಲ್ ಹಾಕು, ಬಾಯಿಲೆ ಕೇಳಬ್ಯಾಡ. ಆಗಸ್ಟ್ 3ರ ಎಂಡೋರ್ಸ್‌ಮೆಂಟ್‌ನ್ಯಾಗ ನನ್ನ ಹೆಸರು ಹೋಗ್ಯಾದೇನು, ಹೆಂಡ್ತಿ ಕವರ್ ಕಂಪಲ್ಸರಿನೋ ಆಪ್ಷನಲ್ಲೋ, ಪ್ರೊಬೇಷನ್‌ನ್ಯಾಗ ಇದ್ದವ್ರಿಗೆ ಯಾವ ದಿನದಿಂದ ಕವರ್, ಈ ಮೂರ ಕೇಳು, ಪಾಲಿಸಿಯ ಬೆನಿಫಿಟ್ ಶೀಟ್ ಕಳಸ್ರಿ ಅಂತನೂ ಬರಿ. ನಿನ್ನ ಎಚ್‌ಆರ್ ಹುಡುಗಿ ಹೇಳಿದ ವಿಂಡೋ ಅನ್ನೋ ಮಾತು ತಂದಿ ತಾಯಿದ್ದು ಇರಬೇಕು, ಆಕಿ ಎಲ್ಲಾದಕ್ಕೂ ಸೇರಿಸಿ ಹೇಳ್ಯಾಳ ಅಂತ ನನಗ ಅನಸ್ತದ. ಲಗ್ನದ ಫೋಟೊ, ಇಬ್ಬರ ಆಧಾರ್ ತಯಾರ ಇಟಗೋ, ಮ್ಯಾರೇಜ್ ಸರ್ಟಿಫಿಕೇಟ್ ಇದ್ರಂತೂ ಚಲೋ.

ಬೆಟಗೇರಿ ಅಕ್ಕ

ನಾ ಎಚ್‌ಆರ್ ಅಲ್ಲ ಏನಲ್ಲ, ಆದ್ರ ಕೂಸಿನ ವಿಷಯ ನೋಡಿ ಬರೀದ ಇರಾಕ ಆಗಲಿಲ್ಲ. ಅಣ್ಣಾ, ಇದನ್ನ ಮಾತ್ರ ಮರೀಬ್ಯಾಡ್ರಿ.

ನನ್ನ ಮಗಳು 34 ವಾರಕ್ಕ ಹುಟ್ಟಿದ್ಲು, ಹುಬ್ಬಳ್ಳಿ ದವಾಖಾನ್ಯಾಗ 11 ದಿನ ಎನ್‌ಐಸಿಯುದಾಗ (ಹಸುಗೂಸಿನ ಐಸಿಯು) ಇಟ್ಟಿದ್ರು. ಆಕಿ ಕಾಲಿಗೆ ಒಂದ್ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ರು, ಅದರ ಮ್ಯಾಲೆ "ಬೇಬಿ ಆಫ್" ಅಂತ ಬರದು ಮುಂದ ನನ್ನ ಹೆಸರು. ನಮ್ಮ ಮನ್ಯಾಗ ಕೂಸಿಗೆ ಹೆಸರ ಇಟ್ಟಿಲ್ಲ, ತೊಟ್ಟಿಲಿಗೆ ಹಾಕೂದು ಆಗಲಿ, ಬರ್ತ್ ಸರ್ಟಿಫಿಕೇಟ್ ಬರಲಿ, ಆಮ್ಯಾಲೆ ಕಂಪನಿಗೆ ಕೊಟ್ರಾತು ಅಂತ ನಮ್ಮ ಮನಿಯವ್ರು ಕಾದ್ರು. ನಮ್ಮ ಪಾಲಿಸಿದಾಗ ಕೂಸು ಹುಟ್ಟಿದ 30 ದಿನದಾಗ ತಿಳಸಬೇಕು ಅಂತ ಇತ್ತು. ಅವ್ರು ಕಾಗದ ಕೊಟ್ಟಿದ್ದು 41ನೇ ದಿನ. ಎನ್‌ಐಸಿಯು ಬಿಲ್ ಕ್ಲೇಮ್ ಬರಲೇ ಇಲ್ಲ, ನನ್ನ ಡೆಲಿವರಿದು ಎಷ್ಟ ಮಿತಿ ಇತ್ತೋ ಅಷ್ಟ ಬಂತು, ಉಳದಿದ್ದಕ್ಕ ನನ್ನ ಬಂಗಾರದ ಬಳಿ ಎರಡೂ ಒತ್ತಿ ಇಟ್ವಿ. ಆಮ್ಯಾಲೆ ಗೊತ್ತಾಗಿದ್ದು, ಆ ಕಾಲಿನ ಪಟ್ಟಿಮ್ಯಾಲೆ ಇದ್ದ "ಬೇಬಿ ಆಫ್" ಅನ್ನೂ ಹೆಸರಿಂದನ ಸೇರಸಾಕ ಬರ್ತಿತ್ತು, ಡಿಸ್ಚಾರ್ಜ್ ಕಾಗದ ಸಾಕಾಗ್ತಿತ್ತು, ಖರೇ ಹೆಸರು ಮುಂದ ಯಾವಾಗರ ತಿದ್ದಸಬಹುದಿತ್ತು ಅಂತ.

ಅದಕ್ಕ ಕೂಸು ಹುಟ್ಟಿದ ದಿನಾನ, ದವಾಖಾನಿ ಕಾರಿಡಾರ್‌ನಾಗ ನಿಂತಗೊಂಡ ಆದ್ರೂ ಸೈ, ಎಚ್‌ಆರ್‌ಗೆ ಮೇಲ್ ಹಾಕ್ರಿ. ಇಂಥಾ ತಾರೀಖು ಇಷ್ಟ ಗಂಟೆಗೆ ಗಂಡೋ ಹೆಣ್ಣೋ ಹುಟ್ಟೇತಿ, ಪಾಲಿಸಿಗೆ ಸೇರಸ್ರಿ ಅಂತ ಎರಡ ಸಾಲು ಸಾಕು. ನಿಮ್ಮ ಪಾಲಿಸಿದಾಗ ದಿನ ಎಷ್ಟ ಐತಿ ಅದನ್ನೂ ಈಗ ಕೇಳಿ ಇಟಗೊಳ್ರಿ. ಮಗಳು ಈಗ ಯುಕೆಜಿ, ಆರಾಮ ಅದಾಳ.

ವಿದ್ಯಾನಗರದವ

ಮ್ಯಾಲೆ ಎಲ್ಲಾರೂ ಹೊಸಾ ಪಾಲಿಸಿದ್ದ ಹೇಳಾಕತ್ತಾರ, ನಿಮ್ಮ ಹಳೇ ಇಎಸ್‌ಐ ಯಾರೂ ನೋಡಲಿಲ್ಲ. ಇಎಸ್‌ಐ ಮಿತಿ ತಿಂಗಳಿಗೆ 21,000, 2017ರ ಜನವರಿಯಿಂದ ಅಷ್ಟ ಐತಿ, ಅದಕ್ಕ 26,000ಕ್ಕ ಸೇರಿದ ನೀವು ಹೊಸಾ ಕಂಪನ್ಯಾಗ ಅದರಾಗ ಬರೂದಿಲ್ಲ, ಅದು ಖರೆ. ಆದ್ರ ಹಿಂದ ಕಟ್ಟಿದ್ದು ಆ ದಿನಾನ ಸುಟ್ಟು ಹೋಗೂದಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ಮಟ ಕಟ್ಟಿದ್ದಕ್ಕ ಬೆನಿಫಿಟ್ ಪೀರಿಯಡ್, ಅಂದ್ರ ಸವಲತ್ತು ಸಿಗೂ ಕಾಲ, ಜುಲೈ 1ರಿಂದ ಡಿಸೆಂಬರ್ 31. ಆ ಅಕ್ಟೋಬರ್-ಮಾರ್ಚ್ ಆರ ತಿಂಗಳದಾಗ 78 ದಿನಕ್ಕ ಕಮ್ಮಿ ಇಲ್ಲದಂಗ ನಿಮ್ಮ ಕಾಂಟ್ರಿಬ್ಯೂಷನ್ ಇದ್ರ, ನೀವು ಮೂರ ವರ್ಷ ಅಲ್ಲೇ ಇದ್ರಿ ಅಂದ ಮ್ಯಾಲೆ ಇದ್ದ ಇರ್ತೈತಿ, ಡಿಸೆಂಬರ್‌ಮಟ ಔಷಧ ಉಪಚಾರದ ಸವಲತ್ತು ಮನಿ ಮಂದಿಗೂ ಇರ್ತೈತಿ. ಅಕ್ಟೋಬರ್ ಡೆಲಿವರಿ ಅದರೊಳಗ ಬಂತಲ್ರಿ.

ಹೆಂಡ್ತಿ ಹೆಸರು ಇಎಸ್‌ಐ ಫ್ಯಾಮಿಲಿ ಡಿಟೇಲ್ಸ್‌ನಾಗ ಐತೇನ್ ನೋಡ್ರಿ, ಲಗ್ನ ಆದ ಮ್ಯಾಲೆ ಹಳೇ ಕಂಪನಿಯವ್ರು ಸೇರಸಿರಬೇಕು. ನಿಮ್ಮ ಹತ್ತ ಅಂಕಿ ವಿಮಾ ನಂಬರ್ ತಗೊಂಡು ಇಎಸ್‌ಐ ಡಿಸ್ಪೆನ್ಸರಿಗೆ ಹೋಗ್ರಿ, ಅವ್ರು ಸಿಸ್ಟಮ್‌ನಾಗ ನೋಡಿ ಅರ್ಹತೆ ಐತೊ ಇಲ್ಲೊ ಅಲ್ಲೇ ಹೇಳ್ತಾರ. ಹುಬ್ಬಳ್ಳ್ಯಾಗ ಇಎಸ್‌ಐ ದವಾಖಾನಿನೂ ಐತಿ. ಆ ನಂಬರ್ ಮಾತ್ರ ಕಳಕೋಬ್ಯಾಡ್ರಿ, ಮುಂದ ಯಾವ ಕಂಪನಿಗೆ ಹೋದ್ರೂ ಅದ ನಂಬರ್ ನಡೀತೈತಿ.

ಇದನ್ನ ಓದೂ ಬ್ಯಾರೆಯವ್ರಿಗೂ ಒಂದ್ ಮಾತು. ಅದ ಕಂಪನ್ಯಾಗ ಇದ್ದಾಗ ಪಗಾರ ಹೆಚ್ಚಾಗಿ 21,000 ದಾಟಿದ್ರೂ ತಕ್ಷಣ ಇಎಸ್‌ಐ ಬಿಡಸೂ ಹಂಗಿಲ್ಲ. ಜೂನ್‌ದಾಗ ಇನ್ಕ್ರಿಮೆಂಟ್ ಆಗಿದ್ರ ಸೆಪ್ಟೆಂಬರ್ 30ರ ತನಕ ಕಟ್ ಆಗಬೇಕು, ಪಗಾರದಾಗ 0.75 ಪರ್ಸೆಂಟ್ ನಮ್ದು, 3.25 ಕಂಪನಿದು. ನಮ್ಮ ಗೆಳೆಯಾ ಒಬ್ಬಂದು ಜೂನ್‌ದಾಗ ನಿಲ್ಲಿಸಿ ಗ್ರೂಪ್ ಪಾಲಿಸಿಗೂ ಹಾಕಿರಲಿಲ್ಲ, ನಡುವ ಮೂರ ತಿಂಗಳ ಎರಡೂ ಇಲ್ಲ. ಎರಡೂ ಪಗಾರ ಚೀಟಿ ಮುಂದ ಇಟ್ಟು ಕೇಳಿದ ಮ್ಯಾಲೆ ಸರಿ ಮಾಡಿದ್ರು.

ಧಾರವಾಡದ ಎಚ್‌ಆರ್

ವಿದ್ಯಾನಗರದವ್ರು ಹೇಳಿದ್ದು ಬರೋಬ್ಬರಿ ಅದ, ನನ್ನ ತಲಿಗೆ ಹೊಳೀಲಿಲ್ಲ.

ತಾಯಿಯವ್ರ ವಿಷಯ ಬಿಟ್ಟಿದ್ದೆ. ಅಲ್ಲೆ ನಿಮ್ಮ ಎಚ್‌ಆರ್ ಹೇಳಿದ್ದೇ ಆಗಬಹುದು, ರಿನೀವಲ್‌ತನಕ ಕಾಯಬೇಕು. ಆದ್ರ ಈಗಿನಿಂದಲೇ ಕೇಳಿ ಇಟಗೋ. ಭಾಳ ಪಾಲಿಸಿಯೊಳಗ ಒಂದೇ ಸೆಟ್, ಒಂದ ನಿನ್ನ ತಂದಿ ತಾಯಿ ಇಲ್ಲಾ ಅತ್ತಿ ಮಾವ. ನಿಮ್ಮ ತಾಯಿ ಒಬ್ಬರನ್ನ, ಹೆಂಡ್ತಿ ತಾಯಿ ಒಬ್ಬರನ್ನ ಅಂತ ಜೋಡಿ ಮಾಡಾಕ ಬಿಡೂದಿಲ್ಲ. ಒಮ್ಮೆ ಆರಿಸಿದ್ದನ್ನ ನಡುವ ಬದಲಿ ಮಾಡಾಕೂ ಬರೂದಿಲ್ಲ. ನಮ್ಮಲ್ಲೆ ಹಿರ್ಯಾರ ಕ್ಲೇಮ್‌ಗೆ 20 ಪರ್ಸೆಂಟ್ ಕೋ-ಪೇ ಅದ, ಅಂದ್ರ ಲಕ್ಷದ ಬಿಲ್ಲಿಗೆ 20 ಸಾವಿರ ನಾವು ಕಟ್ಟಬೇಕು. ರೂಮಿನ ಬಾಡಿಗಿಗೆ ಮಿತಿ ಇದ್ರ ಅದನ್ನೂ ನೋಡು, ಮಿತಿ ದಾಟಿದ ರೂಮ್ ತಗೊಂಡ್ರ ಬರೇ ಬಾಡಿಗಿ ಅಲ್ಲ, ಡಾಕ್ಟರ್ ಫೀಜಿನಂಥಾವೂ ಅದೇ ಪ್ರಮಾಣದಾಗ ಕಟ್ ಆಗ್ತಾವ. ಇಷ್ಟಾದ್ರೂ ಶುಗರ್ ಬಿಪಿ ಇರೋ ತಾಯಿಗೆ ಗ್ರೂಪ್ ಬಿಡಬ್ಯಾಡ ಅಂತೀನಿ. ಹೊರಗ ಬ್ಯಾರೆ ಪಾಲಿಸಿ ತಗೊಂಡ್ರ ಹಳೇ ಬ್ಯಾನಿಗೆ ಮೂರ ವರ್ಷದ ತನಕ ಕಾಯೋ ಷರತ್ತ ಹಾಕಬಹುದು, 2024ರ ಮೊದಲ ಅದು ನಾಕ ವರ್ಷ ಇತ್ತು. ಪಗಾರದಾಗ ತಾಯಿ ಪ್ರೀಮಿಯಂ ಕಟ್ ಆದ್ರ ಇನ್ಕಮ್ ಟ್ಯಾಕ್ಸ್ ಕಡಿತದಾಗ ತೋರಸಬಹುದು, ಅವ್ರಿಗೆ 60 ಆಗಿದ್ರ 50 ಸಾವಿರದ ತನಕ, ಹಳೇ ಟ್ಯಾಕ್ಸ್ ರೆಜಿಮ್‌ನ್ಯಾಗ ಇದ್ದರ ಮಾತ್ರ.

ನವನಗರ ಬಸ್ ಸ್ಟಾಪ್

ಒಂದ್ ಸಣ್ಣದು. ರಾಣೇಬೆನ್ನೂರಾಗ ಹೆರಿಗಿ ಅಂದ್ರ ಆ ದವಾಖಾನಿ ನೆಟ್‌ವರ್ಕ್‌ನಾಗ ಐತೇನ್ ಟಿಪಿಎ ಆ್ಯಪ್‌ನಾಗ ಇವತ್ತ ನೋಡ್ರಿ. ಇಲ್ಲಂದ್ರ ಮೊದಲ ನೀವು ಕಟ್ಟಿ ಆಮ್ಯಾಲೆ ರಿಇಂಬರ್ಸ್‌ಮೆಂಟ್, ಅದಕ್ಕ ಅಡ್ಮಿಟ್ ಆದ ಸುದ್ದಿ ಟಿಪಿಎಗೆ ತಿಳಸಬೇಕು, ಒರಿಜಿನಲ್ ಬಿಲ್, ಔಷಧ ಚೀಟಿ ಎಲ್ಲಾ ಇಟಗೋಬೇಕು. ನೆಟ್‌ವರ್ಕ್‌ನಾಗ ಇದ್ರ ಕ್ಯಾಶ್‌ಲೆಸ್‌ಗೆ (ಬಿಲ್ ಇನ್ಶೂರೆನ್ಸ್‌ನವ್ರು ನೇರ ದವಾಖಾನಿಗೆ ಕಟ್ಟೂದು) ಒಂದ ತಾಸಿನ್ಯಾಗ ಉತ್ತರ ಕೊಡಬೇಕು, ಡಿಸ್ಚಾರ್ಜ್ ಮಂಜೂರಿ ಮೂರ ತಾಸಿನ್ಯಾಗ ಅಂತ 2024ರಾಗ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ರೂಲ್ ಮಾಡೇತಿ, ಕೌಂಟರ್‌ನಾಗ ಸುಮ್ನ ಕೂಡ್ರಿಸಿದ್ರ ಅದನ್ನ ಹೇಳ್ರಿ.

ಕೆಲಸಾ ಬಿಟ್ರ ಗ್ರೂಪ್ ಕವರ್ ಭಾಳ ಕಡೆ ರಿಲೀವ್ ಆದ ದಿನಕ್ಕ ಮುಗೀತೈತಿ. ಬಿಡೂಕಿಂತ ಮೊದಲ ಅದ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ಮೈಗ್ರೇಟ್ ಮಾಡಾಕ ಅರ್ಜಿ ಹಾಕಬಹುದು, ಇಲ್ಲೆ ಕಳದ ವರ್ಷಗಳು ಅಲ್ಲಿ ಕಾಯೂ ಅವಧಿ ಲೆಕ್ಕಕ್ಕ ಬರ್ತಾವ.

ತಾರಿಹಾಳ ಫಸ್ಟ್ ಶಿಫ್ಟ್

ಎಲ್ಲಾರಿಗೂ ಕೈ ಮುಗದ ಹೇಳ್ತೀನ್ರಿ, ಭಾಳ ಉಪಕಾರ ಆತು. ಬುಧವಾರ ಮೇಲ್ ಹಾಕಿದ್ದೆ, ಧಾರವಾಡದ ಎಚ್‌ಆರ್ ಹೇಳಿದ ಮೂರೂ ಪ್ರಶ್ನೆ ಹಂಗ ಬರದಿದ್ದೆ. ಇವತ್ತ ಮಧ್ಯಾಹ್ನ ಎಚ್‌ಆರ್ ಕರದ್ರು. ಪ್ರೊಬೇಷನ್‌ಗೂ ಜಾಯಿನ್ ಆದ ದಿನದಿಂದನ ಕವರ್, ಹೆಂಡ್ತಿ ಮಕ್ಕಳು ಕಂಪಲ್ಸರಿ ಸೇರಿದ್ದು, ವಿಂಡೋ ಇದ್ದಿದ್ದು ಪೇರೆಂಟ್ಸ್‌ಗೆ ಅಷ್ಟ. ನನ್ನ ಹೆಸರು ಆಗಸ್ಟ್ ಶೀಟ್‌ನಾಗ ಹೋಗೇತಿ, ಹೆಂಡ್ತಿ ಕಾಲಂ ಖಾಲಿ ಇತ್ತು. ಆಕಿ ಆಧಾರ್, ಲಗ್ನದ ಫೋಟೊ ತಗೊಂಡು ಈ ತಿಂಗಳ ಶೀಟ್‌ನಾಗ ಹಾಕ್ಯಾರ, ಇ-ಕಾರ್ಡ್ ಬರಾಕ ಹತ್ತ ದಿನ ಅಂದ್ರು. ಹೆರಿಗಿ ಮಿತಿ ನಾರ್ಮಲ್‌ಗೆ 35 ಸಾವಿರ, ಸಿಸೇರಿಯನ್‌ಗೆ 50. ಕೂಸಿಗೆ ನಮ್ಮಲ್ಲೂ 30 ದಿನಾನ. ಬೆಟಗೇರಿ ಅಕ್ಕಾರ, ನಾ ಆ ಮೇಲ್ ಈಗ ಬರದು ಡ್ರಾಫ್ಟ್‌ನಾಗ ಇಟ್ಟೇನ್ರಿ, ತಾರೀಖು ಟೈಮ್ ಅಷ್ಟ ತುಂಬೂದು ಉಳದೈತಿ.

ಅವ್ವಂದು ಏಪ್ರಿಲ್‌ಗೆ ಅಂದ್ರು. ನಾಳೆ ಸೆಕೆಂಡ್ ಶಿಫ್ಟ್ ಐತಿ, ಮುಂಜಾನೆ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ನಂಬರ್ ತೋರಿಸಿ ಬರ್ತೀನಿ. ಇ-ಕಾರ್ಡ್ ಬರೂಕಿಂತ ಮೊದಲ ಹೆರಿಗಿ ಆದ್ರ ಇಎಸ್‌ಐ ಆಸರ ಬೇಕಲ್ರಿ.