ಕುದುರೆ ಓಡಿಸದೆ ಕೈಸೇರಿದ ತೋಟ: ‘ಫೈ’ ಯಾರದು?

ಪ್ರಶ್ನೆ | ನಿವೃತ್ತ ಶಿಕ್ಷಕಿ, ಸಾಗರ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಈ ಮಳೆಗಾಲದಲ್ಲಿ ಕುರ್‌ಆನ್‌ನ ಕನ್ನಡ ಅನುವಾದವನ್ನು ದಿನಕ್ಕೆ ನಾಲ್ಕೈದು ಪುಟದಂತೆ ಓದುತ್ತಿದ್ದೇನೆ. 59ನೆಯ ಅಧ್ಯಾಯ ಅಲ್-ಹಶ್ರ್‌ಗೆ ಬಂದು ಒಂದು ವಾರವಾಯಿತು, ಪುಟ ಮಗುಚಲು ಆಗುತ್ತಿಲ್ಲ.

ಮದೀನಾದ ಬನೂ ನಝೀರ್ ಎಂಬ ಯಹೂದಿ ಕುಲದವರು ಹಿಜರಿ 4ರಲ್ಲಿ, ಅಂದರೆ 625ರಲ್ಲಿ, ಮುತ್ತಿಗೆಗೆ ಮಣಿದು ಊರು ಬಿಟ್ಟ ಪ್ರಸಂಗ ಅದು. ಆಯುಧಗಳನ್ನು ಬಿಟ್ಟು ಒಂಟೆಗಳು ಹೊರುವಷ್ಟನ್ನು ಒಯ್ಯಬಹುದು ಎಂದು ಕರಾರಾಯಿತಂತೆ. ಅವರು ತಮ್ಮ ಮನೆಗಳನ್ನು ತಾವೇ ಕೆಡವಿ, ಬಾಗಿಲ ಮೇಲಿನ ತೊಲೆಯನ್ನೂ ಕಿತ್ತು ಒಂಟೆಗೆ ಹೇರಿದರು ಎಂದು ಪ್ರವಾದಿಯವರ ಚರಿತ್ರೆಗಳು ಹೇಳುತ್ತವೆ.

ನಮ್ಮದು ಶರಾವತಿ ಮುಳುಗಡೆಯ ಮನೆತನ. ಲಿಂಗನಮಕ್ಕಿಯ ನೀರು ಏರುವ ಹೊತ್ತಿಗೆ ನನಗೆ ಎಂಟು ವರ್ಷ. ಅಪ್ಪ ಹೆಬ್ಬಾಗಿಲ ಹಲಸಿನ ದಾರಂದವನ್ನು ಬಿಚ್ಚಿ, ಗೋಣಿಚೀಲ ಸುತ್ತಿ, ಎತ್ತಿನ ಗಾಡಿಗೆ ಹೇರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಈಗಲೂ ನಾನು ದಿನವೂ ದಾಟುವುದು ಅದೇ ದಾರಂದವನ್ನು. ಐದನೆಯ ವಚನದಲ್ಲಿ ಖರ್ಜೂರದ ಮರಗಳನ್ನು ಕಡಿದ ಮಾತು ಬಂದಾಗಲೂ ನನಗೆ ಕಂಡದ್ದು ನೀರಿನಲ್ಲಿ ತಲೆಯಷ್ಟೇ ಉಳಿದಿದ್ದ ನಮ್ಮ ಅಡಿಕೆ ಮರಗಳು.

ಹಾಗಾಗಿ ಕೇಳುತ್ತೇನೆ. ಇದಕ್ಕಾಗಿ ನೀವು ಕುದುರೆಯನ್ನಾಗಲಿ ಒಂಟೆಯನ್ನಾಗಲಿ ಓಡಿಸಲಿಲ್ಲ ಎಂದು ಆರನೆಯ ವಚನ ಹೇಳುತ್ತದೆ. ಏಳನೆಯದರಲ್ಲಿ ಅನಾಥರು, ಬಡವರು, ದಾರಿಹೋಕರು ಹಕ್ಕುದಾರರಾಗಿ ಬರುತ್ತಾರೆ. ಇದೇ ಹೆಸರುಗಳು ಎಂಟನೆಯ ಅಧ್ಯಾಯದ 41ನೆಯ ವಚನದಲ್ಲಿಯೂ ಇವೆ. ಎರಡಕ್ಕೂ ಏನು ವ್ಯತ್ಯಾಸ? ಆ ತೋಟಗಳು ಕೊನೆಗೆ ಯಾರ ಕೈಗೆ ಹೋದವು?

ಉತ್ತರ | ಮಂಡಿ ಲೆಕ್ಕಿಗ, ಶಿವಮೊಗ್ಗ

ಮೇಡಂ, ನಾನು ಚಿಕ್ಕಂದಿನಲ್ಲಿ ಆರು ವರ್ಷ ಮದರಸಾದಲ್ಲಿ ಕಲಿತವನು, ಈಗ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಲೆಕ್ಕದಿಂದಲೇ ಶುರುಮಾಡುತ್ತೇನೆ.

ಎಂಟನೆಯ ಅಧ್ಯಾಯದಲ್ಲಿರುವುದು ಗನೀಮತ್, ಕಾದಾಡಿ ಗೆದ್ದ ಸೊತ್ತು. ಅದರಲ್ಲಿ ಐದನೆಯ ಒಂದು ಪಾಲು, ಅಂದರೆ ಖುಮ್ಸ್, ನೀವು ಹೇಳಿದ ಆ ಹಕ್ಕುದಾರರಿಗೆ. ಉಳಿದ ನಾಲ್ಕು ಪಾಲು ರಣರಂಗದಲ್ಲಿದ್ದ ಸೈನಿಕರಿಗೆ. 59ನೆಯ ಅಧ್ಯಾಯದ್ದು ಫೈ, ಕಾದಾಡದೆ ಕೈಸೇರಿದ ಸೊತ್ತು. ಬನೂ ನಝೀರರ ವಸತಿ ಮದೀನಾದ ಮಗ್ಗುಲಲ್ಲೇ ಇತ್ತು, ಮುಸ್ಲಿಮರು ನಡೆದೇ ಹೋಗಿದ್ದರು, ಕದನವಾಗದೆ ಶರಣಾಗತಿಯಾಯಿತು. ಆದ್ದರಿಂದ ಸೈನಿಕನ ನಾಲ್ಕು ಪಾಲು ಇಲ್ಲಿ ಹುಟ್ಟಲೇ ಇಲ್ಲ. ಅದು ಯಾರ ಸ್ವಂತದ್ದೂ ಆಗದೆ ಪ್ರವಾದಿಯವರ ವಿವೇಚನೆಗೆ ಬಂತು.

ಯಾರಿಗೆ ಹೋಯಿತು ಎಂದು ಕೇಳಿದಿರಿ. ಮಕ್ಕಾದಲ್ಲಿ ಮನೆಮಾರು ಬಿಟ್ಟುಬಂದು ಮದೀನಾದವರ ಆಸರೆಯಲ್ಲಿದ್ದ ಮುಹಾಜಿರರಿಗೆ ಹೆಚ್ಚಿನದನ್ನು ಹಂಚಲಾಯಿತು. ಸ್ಥಳೀಯರಾದ ಅನ್ಸಾರರಲ್ಲಿ ತೀರಾ ಬಡವರಾಗಿದ್ದ ಅಬೂ ದುಜಾನಾ ಮತ್ತು ಸಹ್ಲ್ ಬಿನ್ ಹುನೈಫ್, ಇವರಿಬ್ಬರಿಗೆ ಪಾಲು ಸಿಕ್ಕಿತು. ಉಳಿದ ಉತ್ಪನ್ನದಲ್ಲಿ ಪ್ರವಾದಿಯವರು ಮನೆಯ ಒಂದು ವರ್ಷದ ಖರ್ಚು ತೆಗೆದಿಟ್ಟು, ಮಿಕ್ಕಿದ್ದನ್ನು ಆಯುಧಕ್ಕೂ ಕುದುರೆಗಳಿಗೂ ವಿನಿಯೋಗಿಸುತ್ತಿದ್ದರೆಂದು ಖಲೀಫಾ ಉಮರ್ ಹೇಳಿದ್ದು ಹದೀಸ್‌ನಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಗಳ ವರದಿಗಳಲ್ಲಿ, ಇದೆ.

ಹೀಗೇಕೆ ಎನ್ನುವುದಕ್ಕೆ ಏಳನೆಯ ವಚನವೇ ಕಾರಣ ಕೊಡುತ್ತದೆ: ಸಂಪತ್ತು ನಿಮ್ಮಲ್ಲಿನ ಶ್ರೀಮಂತರ ನಡುವೆಯೇ ಸುತ್ತುತ್ತಿರಬಾರದು. ಹೀಗೆ ಕೈಯಿಂದ ಕೈಗೆ ಸುತ್ತುವುದಕ್ಕೆ ಮೂಲದಲ್ಲಿರುವ ಶಬ್ದ ‘ದೂಲತ್’. ನಾವು ಕನ್ನಡದಲ್ಲಿ ‘ಅವನ ದೌಲತ್ತು ನೋಡಿ’ ಎನ್ನುತ್ತೇವಲ್ಲ, ಅದೂ ಅದೇ ಧಾತುವಿನದು. ಫೈ ಎಂದರೆ ಮರಳಿ ಬಂದದ್ದು. ಹೊತ್ತು ನೆತ್ತಿ ದಾಟಿದ ಮೇಲೆ ಮೂಡಣಕ್ಕೆ ಮರಳುವ ನೆರಳಿಗೂ ಅರಬಿಯಲ್ಲಿ ಫೈ ಎಂದೇ ಹೆಸರು. ಉಸ್ತಾದರು ಅಂಗಳದ ಗೋಡೆಯ ನೆರಳನ್ನು ತೋರಿಸಿ ಇದನ್ನು ಕಲಿಸಿದ್ದರು. ಇಂದಿಗೂ ಮಂಡಿಯ ಜಗಲಿಗೆ ಸಂಜೆ ನೆರಳು ಬಂದಾಗ ಆ ಶಬ್ದ ನೆನಪಾಗುತ್ತದೆ.

ಉತ್ತರ | ವಕೀಲ, ತೀರ್ಥಹಳ್ಳಿ

ಹೇಳಿದ್ದು ಸರಿಯಾಗಿದೆ, ಆದರೆ ಪಂಡಿತರೆಲ್ಲ ಒಂದೇ ಮಾತು ಹೇಳಿದ್ದಾರೆಂದು ಯಾರೂ ತಿಳಿಯಬಾರದು. ಧರ್ಮಶಾಸ್ತ್ರಜ್ಞ ಇಮಾಮ್ ಶಾಫಿಈ ಪ್ರಕಾರ ಫೈನಿಂದಲೂ ಐದನೆಯ ಒಂದು ಪಾಲನ್ನು ಬೇರೆ ತೆಗೆಯಬೇಕು. ಉಳಿದವರಲ್ಲಿ ಹೆಚ್ಚಿನವರು ಅದನ್ನು ಒಪ್ಪದೆ, ಇಡೀ ಮೊತ್ತ ಬೈತುಲ್‌ಮಾಲ್‌ಗೆ, ಅಂದರೆ ಸಾರ್ವಜನಿಕ ಖಜಾನೆಗೆ ಸೇರಬೇಕು ಎಂದರು. ಭೂಕಂದಾಯವಾದ ಖರಾಜ್, ಮುಸ್ಲಿಮೇತರ ಪ್ರಜೆಗಳಿಂದ ಬರುತ್ತಿದ್ದ ಜಿಝ್ಯಾ ಇವುಗಳನ್ನೂ ಮುಂದೆ ಇದೇ ಬಾಬಿನಲ್ಲಿ ಸೇರಿಸಿದರು. ಗಡಿ ಕಾವಲು, ಸೇತುವೆ, ಸಂಬಳ ಎಲ್ಲಕ್ಕೂ ಅದರಿಂದಲೇ ಹಣ. ಮುಸ್ಲಿಮರ ಕಡ್ಡಾಯ ದಾನವಾದ ಝಕಾತ್‌ನ ಹಣವನ್ನು ಮಾತ್ರ ಇದರೊಂದಿಗೆ ಬೆರೆಸುವಂತಿರಲಿಲ್ಲ, ಅದಕ್ಕೆ ಎಂಟು ವರ್ಗದ ಹಕ್ಕುದಾರರು ಬೇರೆಯೇ ಇದ್ದಾರೆ.

ನನಗೆ ಇಡೀ ವಿಷಯದಲ್ಲಿ ದೊಡ್ಡದಾಗಿ ಕಾಣುವುದು ಇರಾಕಿನ ಸವಾದ್ ಬಯಲಿನ ತೀರ್ಮಾನ. ಅದು ಉಮರ್ ಕಾಲದಲ್ಲಿ ಕಾದಾಡಿ ಗೆದ್ದ ನೆಲ. ನಾಲ್ಕು ಪಾಲು ನಮಗೆ ಹಂಚಿ ಎಂದು ಪ್ರವಾದಿಯವರ ಸಂಗಾತಿಯಾಗಿದ್ದ ಬಿಲಾಲ್ ಮುಂತಾದ ಹಿರಿಯರೇ ಪಟ್ಟು ಹಿಡಿದರು. ಉಮರ್ ಒಪ್ಪಲಿಲ್ಲ. ದಿನಗಟ್ಟಲೆ ಚರ್ಚೆಯಾದ ಮೇಲೆ ಅವರು ಆಧಾರವಾಗಿ ಹಿಡಿದದ್ದು ಇದೇ ಅಧ್ಯಾಯದ ಹತ್ತನೆಯ ವಚನವನ್ನು: ಅವರ ನಂತರ ಬಂದವರು. ಇಂದು ನೆಲವನ್ನೆಲ್ಲ ಹಂಚಿಬಿಟ್ಟರೆ ನಾಳೆ ಹುಟ್ಟುವವರಿಗೆ ಏನು ಉಳಿಯಿತು? ನೆಲ ಉಳುವವರ ಕೈಯಲ್ಲೇ ಉಳಿಯಿತು, ಕಂದಾಯ ಖಜಾನೆಗೆ ಬಂತು. ಅಳತೆಗೆ ಹೋದವರು ಉಸ್ಮಾನ್ ಬಿನ್ ಹುನೈಫ್, ಬನೂ ನಝೀರರ ತೋಟದಲ್ಲಿ ಪಾಲು ಪಡೆದ ಆ ಬಡ ಸಹ್ಲ್ ಅವರ ಸಹೋದರ!

ಇದರಲ್ಲಿಯೂ ಧರ್ಮಶಾಸ್ತ್ರದ ಪಂಥಗಳಲ್ಲಿ ಭಿನ್ನಮತವಿದೆ. ಅಂಥ ನೆಲ ತಾನಾಗಿಯೇ ವಕ್ಫ್, ಅಂದರೆ ಶಾಶ್ವತ ದತ್ತಿ, ಆಗುತ್ತದೆ ಎಂದು ಮಾಲಿಕೀಗಳು, ಆಳುವವನು ಹಂಚಲೂಬಹುದು ಉಳಿಸಲೂಬಹುದು ಎಂದು ಹನಫಿಗಳು, ಸೈನಿಕರ ಒಪ್ಪಿಗೆ ಪಡೆದೇ ಉಮರ್ ಹಾಗೆ ಮಾಡಿದ್ದು ಎಂದು ಶಾಫಿಈಗಳು. ಆದರೂ ನನ್ನ ಮನಸ್ಸು ಉಮರ್ ಅವರ ಕಡೆಗೇ ವಾಲುತ್ತದೆ. ನನ್ನ ಅಜ್ಜ ಗೇಣಿದಾರ. ಅಂದು ಸವಾದ್ ಹಂಚಿಹೋಗಿದ್ದರೆ ಅಲ್ಲಿನ ರೈತನಿಗೆ ತಲೆಯ ಮೇಲೊಬ್ಬ ಹೊಸ ಒಡೆಯ ಬರುತ್ತಿದ್ದ. 1951ರ ಕಾಗೋಡು ಸತ್ಯಾಗ್ರಹದ ನೆಲದವರಾದ ನಿಮಗೆ ಗೇಣಿ ಅಳೆಯುವ ಕೊಳಗದ ಕಥೆಯನ್ನು ನಾನು ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಎಂಟನೆಯ ವಚನವನ್ನು ಈಗ ಮತ್ತೆ ಓದಿದೆ. ಮನೆಯಿಂದಲೂ ಆಸ್ತಿಯಿಂದಲೂ ಹೊರಹಾಕಲ್ಪಟ್ಟ ಬಡ ವಲಸಿಗರಿಗೆ ಎಂದಿದೆ. ಅಂದರೆ ಒಂದು ಕಡೆ ಮನೆ ಕಳೆದುಕೊಂಡವರಿಗೆ ಇನ್ನೊಂದು ಕಡೆ ಮನೆ ಬಿಟ್ಟುಹೋದವರ ತೋಟ ದಕ್ಕಿತು. ಹಂಚಿಕೆಯ ನ್ಯಾಯ ನನಗೆ ಅರ್ಥವಾಯಿತು, ಅದು ದೊಡ್ಡದೆಂದು ಮನಸ್ಸಾರೆ ಒಪ್ಪುತ್ತೇನೆ. ಆದರೆ ಒಂಟೆಯ ಮೇಲಿನ ಆ ತೊಲೆಗಳು ನನ್ನನ್ನು ಬಿಡುತ್ತಿಲ್ಲ. ಅವರು ಎಲ್ಲಿಗೆ ಹೋದರು?

ಉತ್ತರ | ಮಂಡಿ ಲೆಕ್ಕಿಗ, ಶಿವಮೊಗ್ಗ

ಮೇಡಂ, ಕೆಲವರು ಶಾಮ್ ಕಡೆಗೆ ಹೋದರು, ಅಂದರೆ ಇಂದಿನ ಸಿರಿಯಾದ ಕಡೆಗೆ. ಅವರ ಮುಖಂಡರೂ ಇನ್ನು ಕೆಲವರೂ ಉತ್ತರದ ಖೈಬರ್‌ಗೆ ಹೋದರು. 628ರಲ್ಲಿ ಖೈಬರ್ ಮೇಲೂ ಯುದ್ಧ ನಡೆಯಿತು. ಅಲ್ಲಿ ಕದನವಾದದ್ದರಿಂದ ಸೈನಿಕರಿಗೆ ಪಾಲು ಬಂತು. ಅದನ್ನು ಕೇಳಿ ಹತ್ತಿರದ ಫದಕ್‌ನವರು ತಮ್ಮ ಅರ್ಧ ನೆಲ ಬಿಟ್ಟುಕೊಡಲು ಒಪ್ಪಿ ರಾಜಿಯಾದರು. ಕದನವಿಲ್ಲದ್ದರಿಂದ ಅದು ಫೈ ಆಯಿತು. ಪ್ರವಾದಿಯವರ ನಂತರ ಮಗಳು ಫಾತಿಮಾ ಅದನ್ನು ಕೇಳಿದಾಗ, ಪ್ರವಾದಿಗಳು ಬಿಟ್ಟುಹೋದದ್ದು ದಾನವೇ ಹೊರತು ಪಿತ್ರಾರ್ಜಿತವಲ್ಲ ಎಂದು ಮೊದಲ ಖಲೀಫಾ ಅಬೂಬಕರ್ ಕೊಡಲಿಲ್ಲ. ಅದು ಮಗಳ ಹಕ್ಕಾಗಿತ್ತು ಎಂದು ಶಿಯಾಗಳು ಇಂದಿಗೂ ನಂಬುತ್ತಾರೆ. 826ರಲ್ಲಿ ಅಬ್ಬಾಸಿ ಖಲೀಫಾ ಮಾಮೂನ್ ಆ ತೋಟವನ್ನು ಫಾತಿಮಾ ಅವರ ವಂಶಸ್ಥರಿಗೆ ಬಿಟ್ಟುಕೊಟ್ಟರು, ಮುಂದೆ ಬಂದ ಮುತವಕ್ಕಿಲ್ ಮತ್ತೆ ಕಿತ್ತುಕೊಂಡರು.

ಮುಂದಿನ ತಿಂಗಳು ಸಾಗರಕ್ಕೆ ಬರುವುದಿದೆ. ನೀವು ಒಪ್ಪಿದರೆ ನಿಮ್ಮ ಮನೆಗೆ ಬಂದು ಆ ದಾರಂದವನ್ನು ನೋಡುತ್ತೇನೆ.