ನಿಂತುಹೋದ ಓದನ್ನು ಮತ್ತೆ ಆರಂಭಿಸುವುದು ಹೇಗೆ? ಗ್ರಂಥಪಾಲಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ವಿಜಯನಗರದ ಸದಸ್ಯರು):

ನಮಸ್ಕಾರ ಮೇಡಂ. ನನಗೀಗ 44 ವರ್ಷ. ಕಾಲೇಜಿನ ದಿನಗಳಲ್ಲಿ ವಾರಕ್ಕೊಂದು ಕಾದಂಬರಿ ಮುಗಿಸುತ್ತಿದ್ದೆ. ಹಾಸ್ಟೆಲಿನ ಕೋಣೆಯಲ್ಲಿ ದೀಪ ಆರಿಸಿದ ಮೇಲೂ ವರಾಂಡದ ಬೆಳಕಿನಲ್ಲಿ ಕುಳಿತು ಓದಿದ್ದುಂಟು. ಕೆಲಸಕ್ಕೆ ಸೇರಿ, ಮದುವೆಯಾಗಿ, ಮಕ್ಕಳಾದ ಮೇಲೆ ಓದು ಯಾವಾಗ ನಿಂತಿತೆಂಬುದೇ ತಿಳಿಯಲಿಲ್ಲ. ಕಳೆದ ಯುಗಾದಿಯಂದು ದಿನಕ್ಕೊಂದು ಗಂಟೆ ಓದಬೇಕೆಂದು ಸಂಕಲ್ಪ ಮಾಡಿ 700 ಪುಟಗಳ ಕಾದಂಬರಿಯೊಂದನ್ನು ಕೊಂಡು ತಂದೆ. ನಾಲ್ಕು ದಿನ ಓದಿದೆ. ಆಮೇಲೆ ಅದು ಮಂಚದ ಪಕ್ಕದಲ್ಲೇ ಉಳಿದಿದೆ. ರಾತ್ರಿ ಊಟವಾದ ಮೇಲೆ ತೆರೆದರೆ ಎರಡು ಪುಟಕ್ಕೇ ಕಣ್ಣು ಭಾರವಾಗುತ್ತದೆ, ಇಲ್ಲವೇ ಕೈ ಮೊಬೈಲಿನತ್ತ ಹೋಗುತ್ತದೆ. ನನ್ನ ಏಕಾಗ್ರತೆಯೇ ಹಾಳಾಗಿದೆಯೇ? ನಿಯಮಿತವಾಗಿ ಓದಲು ಏನು ಮಾಡಬೇಕು?

ಉತ್ತರ (ನಿವೃತ್ತ ಗ್ರಂಥಪಾಲಕಿ):

ನಮಸ್ಕಾರ. ಬೆಂಗಳೂರಿನ ಸಾರ್ವಜನಿಕ ಗ್ರಂಥಾಲಯಗಳ ಎರವಲು ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದ ಅನುಭವದಿಂದ ಹೇಳುತ್ತೇನೆ: ನಿಮ್ಮ ಉತ್ತರ ಆ ಹಾಸ್ಟೆಲಿನ ವರಾಂಡದಲ್ಲೇ ಇದೆ. ಅಲ್ಲಿ ಓದಿಗೊಂದು ಹೊತ್ತು, ಒಂದು ಜಾಗ ತಾನಾಗಿಯೇ ಒದಗಿತ್ತು. ಹಾಸ್ಟೆಲ್ ಬಿಟ್ಟಾಗ ಅವೆರಡೂ ಹೋದವು, ಅವುಗಳ ಬೆನ್ನಿಗೇ ಓದೂ ಹೋಯಿತು. ಇದನ್ನು ಏಕಾಗ್ರತೆ ಕೆಟ್ಟದ್ದೆಂದು ಭಾವಿಸಿ ನೊಂದುಕೊಳ್ಳುವವರನ್ನು ನಾನು ನೂರಾರು ಬಾರಿ ಕಂಡಿದ್ದೇನೆ, ಮತ್ತು ಪ್ರತಿ ಬಾರಿಯೂ ನನಗೆ ಬೇಸರವಾಗಿದೆ. ಮಗಳನ್ನು ಭರತನಾಟ್ಯದ ಪಾಠಕ್ಕೆ ಬಿಟ್ಟು, ಪಾಠ ಮುಗಿಯುವವರೆಗೆ ನಮ್ಮ ಶಾಖೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಓದುತ್ತಿದ್ದ ಗೃಹಿಣಿಯೊಬ್ಬರಿದ್ದರು. ಹತ್ತು ವರ್ಷ ಪುಸ್ತಕ ಮುಟ್ಟಿಲ್ಲವೆಂದು ಹೇಳಿಕೊಂಡು ಬಂದಿದ್ದವರು, ಆ ಒಂದು ಗಂಟೆಯ ಬಲದಿಂದಲೇ ಕಥಾಸಂಕಲನಗಳ ಒಂದಿಡೀ ಸಾಲನ್ನು ಓದಿ ಮುಗಿಸಿದರು.

ಆದುದರಿಂದ ಮೊದಲು ಹೊತ್ತನ್ನು ಹುಡುಕಿ. ದಿನವಿಡೀ ದುಡಿದು ದಣಿದ ಮೇಲೆ ಉಳಿಯುವ ರಾತ್ರಿಯ ಸಮಯವನ್ನು ಓದಿಗೆ ಕೊಟ್ಟರೆ ನಿದ್ದೆ ಬರುವುದು ಸಹಜ. ಈಗಾಗಲೇ ತಪ್ಪದೆ ನಡೆಯುವ ಯಾವುದಾದರೊಂದು ಕೆಲಸಕ್ಕೆ ಓದನ್ನು ಹೊಂದಿಸಿ: ಬೆಳಗಿನ ಕಾಫಿಯ ಜೊತೆಗೋ, ಕಚೇರಿಯ ಊಟದ ಬಿಡುವಿಗೋ, ಮೆಟ್ರೊ ಪ್ರಯಾಣಕ್ಕೋ. ಒಂದು ಗಂಟೆಯ ಸಂಕಲ್ಪವನ್ನು ಕೈಬಿಟ್ಟು 12 ಪುಟಗಳ ಲೆಕ್ಕವಿಟ್ಟುಕೊಳ್ಳಿ. ದಿನಕ್ಕೆ ಅಷ್ಟೇ ಓದಿದರೂ ತಿಂಗಳಿಗೆ 360 ಪುಟಗಳಾಗುತ್ತವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದೊಂದು ಕೆಲಸ ರೂಢಿಯಾಗಲು ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನಗಳವರೆಗೂ ಬೇಕಾಗಬಹುದೆಂದು ಕಂಡುಬಂದಿತು; ಮಧ್ಯದ ಅಂಕಿ 66 ದಿನ. ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂತಹ ಧಕ್ಕೆಯಾಗುವುದಿಲ್ಲವೆಂದೂ ಅವರು ಗುರುತಿಸಿದರು. ನೀವು ಐದನೆಯ ದಿನಕ್ಕೇ ಕೈಚೆಲ್ಲಿದ್ದೀರಿ. ಆರನೆಯ ದಿನ ಮತ್ತೆ ತೆರೆಯಬಹುದಿತ್ತು.

ಇನ್ನು ಪುಸ್ತಕದ ಆಯ್ಕೆ. ಎರವಲು ಹೋಗಿ ಮರಳಿದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ಮುನ್ನ ಒಮ್ಮೆ ಪುಟಗಳನ್ನು ಸರಿಸಿ ನೋಡುವುದು ನನ್ನ ರೂಢಿಯಾಗಿತ್ತು. ಗುರುತಿಗೆಂದು ಇಟ್ಟು ಮರೆತ ಬಿಎಂಟಿಸಿ ಟಿಕೆಟ್‌ಗಳು ಅವುಗಳಲ್ಲಿ ಸಿಗುತ್ತಿದ್ದವು, ಹೆಚ್ಚಿನವು ಮೊದಲ 30–40 ಪುಟಗಳ ನಡುವೆಯೇ. ಓದುಗ ಅಲ್ಲಿ ನಿಂತಿದ್ದಾನೆ, ಇಷ್ಟವಾಗದ ಪುಸ್ತಕವನ್ನು ಮುಗಿಸದೆ ಬೇರೆಯದನ್ನು ಮುಟ್ಟಬಾರದೆಂದುಕೊಂಡು ಓದನ್ನೇ ನಿಲ್ಲಿಸಿದ್ದಾನೆ. 40 ಪುಟ ಓದಿಯೂ ಮನಸ್ಸು ಹಿಡಿಯದಿದ್ದರೆ ಯಾವ ಸಂಕೋಚವೂ ಇಲ್ಲದೆ ಹಿಂದಿರುಗಿಸಿ. ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಮುಂದಿಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ. ನೀವು ಬಿಟ್ಟ ಪುಸ್ತಕಕ್ಕೆ ಬೇರೊಬ್ಬ ಓದುಗನಿದ್ದಾನೆಂದು ನಂಬಿಯೇ ನಾವು ಅದನ್ನು ಮತ್ತೆ ಕಪಾಟಿಗೆ ಸೇರಿಸುತ್ತಿದ್ದೆವು. ಸದ್ಯಕ್ಕೆ 150 ಪುಟದೊಳಗಿನ ಪುಸ್ತಕಗಳಿಂದ ಆರಂಭಿಸಿ: ಸಣ್ಣಕಥೆ, ಪ್ರಬಂಧ, ಪ್ರವಾಸಕಥನ.

ಇನ್ನೊಂದು ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮಗೆ ಕೊನೆಯ ಬಾರಿ ಕಣ್ಣಿನ ಪರೀಕ್ಷೆಯಾದದ್ದು ಯಾವಾಗ? ನಲವತ್ತರ ಆಚೀಚೆ ಕಣ್ಣಿನ ಮಸೂರ ಗಡುಸಾಗುತ್ತ ಬಂದು ಹತ್ತಿರದ ಅಕ್ಷರ ಮಸುಕಾಗುತ್ತದೆ. ಹಿರಿಯರು ಚಾಳೀಸು ಬಂತು ಎನ್ನುತ್ತಿದ್ದದ್ದು ಇದನ್ನೇ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂರುವುದರಿಂದ ಕಣ್ಣಿಗೆ ಇನ್ನಷ್ಟು ಶ್ರಮ. ಕೌಂಟರಿನ ಎದುರು ಪುಸ್ತಕವನ್ನು ತೋಳುದ್ದ ದೂರ ಹಿಡಿದು ನೋಡುತ್ತಿದ್ದವರಿಗೆ ನಾನು ಪುಸ್ತಕಕ್ಕಿಂತ ಮೊದಲು ಕಣ್ಣಿನ ವೈದ್ಯರನ್ನು ಕಾಣಿರೆಂದು ಹೇಳುತ್ತಿದ್ದೆ. ಕನ್ನಡಕ ಬಂದ ಮೇಲೆ ಓದು ತಾನಾಗಿ ಮರಳಿದ ಉದಾಹರಣೆಗಳು ಸಾಕಷ್ಟಿವೆ.

ಮರುಪ್ರಶ್ನೆ (ಅದೇ ಸದಸ್ಯರು):

ಕಣ್ಣಿನ ಮಾತು ನಿಜ ಮೇಡಂ, ಮಾತ್ರೆಯ ಚೀಟಿ ಓದಲೂ ಕಷ್ಟವಾಗುತ್ತಿದೆ. ಈ ವಾರವೇ ತೋರಿಸುತ್ತೇನೆ. ನಾನು ವಿಜಯನಗರದಿಂದ ಇಂದಿರಾನಗರಕ್ಕೆ ನೇರಳೆ ಮಾರ್ಗದ ಮೆಟ್ರೊದಲ್ಲಿ ಹೋಗಿಬರುತ್ತೇನೆ. ಮೆಜೆಸ್ಟಿಕ್‌ವರೆಗೆ ನಿಂತೇ ಹೋಗಬೇಕು. ಆಗ ಮೊಬೈಲಿನಲ್ಲೇ ಓದಬಹುದೇ? ಮನೆಯಲ್ಲಿರುವ ಆ ದೊಡ್ಡ ಕಾದಂಬರಿಯನ್ನು ಏನು ಮಾಡಲಿ?

ಉತ್ತರ:

ನಿಂತಿರುವಾಗ ಒಂದು ಕೈಗೆ ಕಂಬ ಬೇಕು, ಆದ್ದರಿಂದ ಇನ್ನೊಂದು ಕೈಯಲ್ಲಿ ಹಿಡಿಯಬಹುದಾದ ತೆಳುವಾದ ಪುಸ್ತಕವನ್ನು ಚೀಲದ ಹೊರಜೇಬಿನಲ್ಲಿಡಿ. ಊಟದ ಡಬ್ಬಿಯ ಕೆಳಗೆ ಸೇರಿದ ಪುಸ್ತಕ ಹೊರಗೆ ಬರುವುದೇ ಇಲ್ಲ. ಮೊಬೈಲಿನ ಓದನ್ನು ನಾನು ಕೀಳೆಂದು ಎಣಿಸುವುದಿಲ್ಲ. 2020ರಲ್ಲಿ ಆರಂಭವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಉಚಿತವೂ ಆಗಿದೆ. ಆದರೆ ನಿಮ್ಮ ಕೈ ಮೊಬೈಲಿನತ್ತ ತಾನಾಗಿ ಹೋಗುತ್ತದೆಂದು ನೀವೇ ಬರೆದಿರುವುದರಿಂದ, ಮೊದಲ ಎರಡು ತಿಂಗಳು ಕಾಗದದ ಪುಸ್ತಕವನ್ನೇ ಓದಿ, ಮೊಬೈಲನ್ನು ಚೀಲದ ಒಳಜೇಬಿಗೆ ಹಾಕಿ.

ದೊಡ್ಡ ಕಾದಂಬರಿಯನ್ನು ಮಂಚದ ಪಕ್ಕದಿಂದ ತೆಗೆದು ಕಪಾಟಿನಲ್ಲಿಡಿ. ದಿನವೂ ಅದನ್ನು ನೋಡಿ ತಪ್ಪಿತಸ್ಥ ಭಾವನೆ ಪಡುವುದು ಬೇಡ. ಮೂರು ಸಣ್ಣ ಪುಸ್ತಕಗಳಾದ ಮೇಲೆ ಮತ್ತೆ ಮೊದಲ ಪುಟದಿಂದ ಆರಂಭಿಸಿ. ದಿನಕ್ಕೆ 12 ಪುಟದಂತೆ ಅದು ಎರಡು ತಿಂಗಳೊಳಗೆ ಮುಗಿಯುತ್ತದೆ.

ಮತ್ತೊಂದು ಪ್ರಶ್ನೆ (ಜಯನಗರದ ಸದಸ್ಯೆ):

ಕೊಂಡ ಪುಸ್ತಕಗಳೆಲ್ಲ ಓದದೆಯೇ ಉಳಿಯುತ್ತವೆ ಮೇಡಂ. ಗ್ರಂಥಾಲಯದಿಂದ ತಂದರೆ ಉಪಯೋಗವಾದೀತೇ?

ಉತ್ತರ:

ಖಂಡಿತ ಆಗುತ್ತದೆ. ಕೊಂಡ ಪುಸ್ತಕ ಎಷ್ಟು ವರ್ಷವಾದರೂ ಕಾಯುತ್ತದೆ. ಎರವಲು ತಂದ ಪುಸ್ತಕದ ಒಳಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಹಿಂದಿರುಗಿಸುವ ದಿನಾಂಕದ ಮುದ್ರೆ ಇರುತ್ತದೆ. ನೀಲಿ ಶಾಯಿಯ ಆ ಮುದ್ರೆಗಿರುವ ಶಕ್ತಿ ಯಾವ ಸಂಕಲ್ಪಕ್ಕೂ ಇರುವುದನ್ನು ನಾನು ಕಂಡಿಲ್ಲ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ಸೇರಿರುತ್ತದೆ, ಆದ್ದರಿಂದ ಇದು ನಿಮ್ಮದೇ ಗ್ರಂಥಾಲಯ. ವಿಳಾಸದ ದಾಖಲೆಯೊಂದಿಗೆ ಹತ್ತಿರದ ಶಾಖೆಗೆ ಹೋಗಿ, ಠೇವಣಿ ಎಷ್ಟೆಂದು ವಿಚಾರಿಸಿ ಸದಸ್ಯರಾಗಿ. ಬಿಡುವಾದಾಗ ಕಬ್ಬನ್ ಉದ್ಯಾನದ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಒಮ್ಮೆ ಹೋಗಿಬನ್ನಿ. ಒಂದು ಬಾರಿಗೆ ಒಂದೇ ಪುಸ್ತಕ ತನ್ನಿ, ಮತ್ತು ಅದನ್ನು ಹಿಂದಿರುಗಿಸುವ ದಿನವೇ ಮುಂದಿನದನ್ನು ಆರಿಸಿಕೊಂಡು ಬನ್ನಿ.