ಎಂಟು ತಿಂಗಳಾದರೂ ಗಿಟಾರ್‌ನಲ್ಲಿ ಎಫ್ ಕಾರ್ಡ್ ಬಂದ ಕೂಡಲೇ ಹಾಡು ನಿಲ್ಲುತ್ತದೆ, ಎಲ್ಲಿ ತಪ್ಪುತ್ತಿದ್ದೇನೆ?

ನವನಗರದ ಹುಡುಗ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಗಿಟಾರ್ ಹಿಡಿದು ಎಂಟು ತಿಂಗಳಾಯಿತು. ನಮ್ಮ ಓಣಿಯಲ್ಲಿ ಹಾರ್ಮೋನಿಯಂ, ತಬಲಾ ಹೇಳಿಕೊಡುವವರಿದ್ದಾರೆ, ಗಿಟಾರ್ ಹೇಳಿಕೊಡುವವರು ನನಗೆ ಸಿಗಲಿಲ್ಲ, ಹಾಗಾಗಿ ಎಲ್ಲ ಯೂಟ್ಯೂಬ್ ನೋಡಿಯೇ ಕಲಿತದ್ದು. ಅಂಗಡಿ ಮುಚ್ಚಿ ಊಟ ಮುಗಿಸಿ ರಾತ್ರಿ 10ಕ್ಕೆ ಕೂತರೆ 11ರವರೆಗೆ ನುಡಿಸುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ.

ಸಿ, ಜಿ, ಎ ಮೈನರ್ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಆರಾಮಾಗಿ ಬರುತ್ತವೆ. ಎಫ್ ಬಂತೆಂದರೆ ಕೈ ಅಲ್ಲೇ ನಿಲ್ಲುತ್ತದೆ. ಬೆರಳು ಜೋಡಿಸಿಕೊಳ್ಳುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ, ಜೋಡಿಸಿದ ಮೇಲೂ ಅರ್ಧ ತಂತಿ ಠಪ್ ಠಪ್ ಅನ್ನುತ್ತವೆ. ತಪ್ಪಿತಲ್ಲ ಅಂತ ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ, ಮತ್ತೆ ಅಲ್ಲೇ ತಪ್ಪುತ್ತದೆ. ಹೀಗೇ ಒಂದು ತಾಸು ಕಳೆಯುತ್ತದೆ. ಹೋದ ವಾರದಿಂದ ಎಡಗೈ ಮಣಿಕಟ್ಟು, ಹೆಬ್ಬೆರಳಿನ ಬುಡ ಬೇರೆ ನೋಯುತ್ತಿದೆ.

ಬರುವ ತಿಂಗಳು ತಂಗಿಯ ನಿಶ್ಚಯ ಇದೆ. ಅವತ್ತು ಅವಳಿಗೆ ಇಷ್ಟವಾದ ಒಂದು ಹಾಡನ್ನು ಪೂರ್ತಿ ನುಡಿಸಬೇಕು ಅಂತ ತುಂಬಾ ಆಸೆ. ನಿಮಗೆಲ್ಲ ಕಲಿಯುವಾಗ ಯಾವ ಕೆಟ್ಟ ರೂಢಿ ಹತ್ತಿತ್ತು, ಹೇಗೆ ಬಿಡಿಸಿಕೊಂಡಿರಿ, ದಯವಿಟ್ಟು ಹೇಳಿ.

ಕ್ಯಾಂಪ್ ಕಾಯರ್ (ಬೆಳಗಾವಿ)

ತಮ್ಮಾ, ಉತ್ತರ ನಿನ್ನ ಪ್ರಶ್ನೆಯಲ್ಲೇ ಇದೆ. "ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ" ಅಂದೆಯಲ್ಲ, ಅದೇ ರೂಢಿ. ನಾನು ಚರ್ಚಿನ ಕಾಯರ್‌ನಲ್ಲಿ (ಹಾಡುವ ತಂಡದಲ್ಲಿ) 14 ವರ್ಷದಿಂದ ನುಡಿಸುತ್ತಿದ್ದೇನೆ, ಹೊಸದಾಗಿ ಬರುವ ಮಕ್ಕಳಿಗೆ ಹೇಳಿಕೊಡುತ್ತೇನೆ, ಹತ್ತರಲ್ಲಿ ಎಂಟು ಮಕ್ಕಳು ಇದನ್ನೇ ಮಾಡುತ್ತಾರೆ. ಲೆಕ್ಕ ಹಾಕಿ ನೋಡು. ಒಂದು ತಾಸಿನಲ್ಲಿ ಹಾಡನ್ನು 20 ಸಲ ಶುರು ಮಾಡಿದರೆ ನಿನಗೆ ಮೊದಲೇ ಬರುವ ಸಾಲುಗಳು 20 ಸಲ ಆಗುತ್ತವೆ, ಎಫ್‌ಗೆ ಹೋಗುವ ಜಾಗವೂ 20 ಸಲ ಆಗುತ್ತದೆ, ಆದರೆ ಅಷ್ಟು ಸಲವೂ ತಪ್ಪಾಗಿ. ಕೈಗೆ ಸರಿ ತಪ್ಪು ಗೊತ್ತಿಲ್ಲ, ಮಾಡಿಸಿದ್ದನ್ನು ಕಲಿಯುತ್ತದೆ. ಎ ಮೈನರ್ ಆದ ಮೇಲೆ ಎರಡು ಸೆಕೆಂಡ್ ನಿಲ್ಲಬೇಕು ಅಂತಲೇ ನಿನ್ನ ಕೈ ಕಲಿತುಬಿಟ್ಟಿದೆ.

ಒಂದು ವಾರ ಹಾಡನ್ನು ಮುಟ್ಟಬೇಡ. ಎ ಮೈನರ್, ಎಫ್, ಮತ್ತೆ ಎ ಮೈನರ್, ಇಷ್ಟೇ. 10 ನಿಮಿಷ ಮಾಡಿ ಗಿಟಾರ್ ಕೆಳಗಿಡು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು 10 ನಿಮಿಷ.

ಇನ್ನು ಎಫ್ ಹಿಡಿಯುವ ರೀತಿ. ಆರೂ ತಂತಿಯನ್ನು ತೋರುಬೆರಳಿನಿಂದ ಬಿಗಿಯಾಗಿ ಒತ್ತುತ್ತಿದ್ದೀಯ ಅಲ್ವಾ? ಬೇಕಿಲ್ಲ. ತೀರಾ ತೆಳು ತಂತಿ 1ನೆಯದು, ತೀರಾ ದಪ್ಪದ್ದು 6ನೆಯದು. 3, 4, 5ನೇ ತಂತಿಗಳನ್ನು ಉಳಿದ ಮೂರು ಬೆರಳು ಹೇಗೂ ಹಿಡಿದಿರುತ್ತವೆ. ತೋರುಬೆರಳಿಗೆ ಉಳಿಯುವುದು 1, 2 ಮತ್ತು 6ನೇ ತಂತಿ ಮಾತ್ರ. ಬೆರಳನ್ನು ಸ್ವಲ್ಪ ಹೊರಳಿಸಿ ಹೆಬ್ಬೆರಳ ಕಡೆಯ ಪಕ್ಕದಿಂದ ಒತ್ತು, ಅಲ್ಲಿ ಮಾಂಸ ಕಡಿಮೆ, ಗಟ್ಟಿ ಇರುತ್ತದೆ. ಫ್ರೆಟ್ ಪಟ್ಟಿಗೆ (ಗಿಟಾರ್ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಎಷ್ಟು ಹತ್ತಿರ ಇಟ್ಟರೆ ಅಷ್ಟು ಕಡಿಮೆ ಬಲ ಸಾಕು.

ಮೊದಲು ಅದೇ ಆಕಾರವನ್ನು 5ನೇ ಫ್ರೆಟ್‌ನಲ್ಲಿ ಹಿಡಿದು ನೋಡು, ಅಲ್ಲಿ ಅದು ಎ ಮೇಜರ್ ಆಗುತ್ತದೆ. 1ನೇ ಫ್ರೆಟ್‌ಗಿಂತ ಬಹಳ ಹಗುರ. ಅಲ್ಲಿ ಆರೂ ತಂತಿ ಸ್ವಚ್ಛ ನುಡಿದ ಮೇಲೆ 4, 3, 2 ಅಂತ ದಿನಕ್ಕೊಂದು ಫ್ರೆಟ್ ಕೆಳಗೆ ಇಳಿ.

ಠೇಕಾ (ವಿಜಯಪುರ)

ನಾನು ತಬಲಾದವನು, ಗಿಟಾರ್ ಆಮೇಲೆ ಹಿಡಿದದ್ದು. ಅಕ್ಕಾವರು ಎಡಗೈ ಬಗ್ಗೆ ಹೇಳಿದ್ದು ಸರಿ, ಆದರೆ ಹಾಡು ನಿಲ್ಲುವುದು ಬಲಗೈ ನಿಲ್ಲುವುದರಿಂದ. ಎಡಗೈ ರೆಡಿ ಆಗಲಿ ಅಂತ ಬಲಗೈ ಕಾಯುತ್ತದೆ ನೋಡಿ, ಆ ರೂಢಿ ಮೊದಲು ಬಿಡಿಸಬೇಕು.

ನಿಮ್ಮ ಓಣಿಯಲ್ಲಿ ಭಜನೆ ಕೇಳಿರುತ್ತೀರಿ. ತಾಳ ಹಾಕುವವರು ಹಾಡುವವರು ಸಾಲು ಮರೆತರೆ ನಿಲ್ಲಿಸುತ್ತಾರೇನು? ಕೆಹರವಾ ತಾಳಕ್ಕೆ 8 ಮಾತ್ರೆ (ಎಣಿಕೆ), ಧಾ ಗೆ ನಾ ತಿ ನ ಕ ಧಿ ನ. ಇದನ್ನೇ ಬಾಯಲ್ಲಿ ಹೇಳುತ್ತಾ ಬಲಗೈ ಆಡಿಸಿ, ಬೆಸ ಮಾತ್ರೆಗೆ ಕೆಳಗೆ, ಸಮ ಮಾತ್ರೆಗೆ ಮೇಲೆ. 8ನೇ ಮಾತ್ರೆ ಬಂದಾಗ ಎಡಗೈ ಎತ್ತಿಬಿಡಿ. ಬಲಗೈ ಖಾಲಿ ತಂತಿಯನ್ನೇ ಮೀಟಲಿ, ಲಯದಲ್ಲಿ ಕೇಳುವಾಗ ಅದು ತಪ್ಪು ಅನ್ನಿಸುವುದೇ ಇಲ್ಲ, ಚೆನ್ನಾಗಿ ನುಡಿಸುವವರೂ ಹಾಗೇ ಮಾಡುತ್ತಾರೆ. ಎಫ್ ಅರ್ಧ ಬಂದರೂ ಪರವಾಗಿಲ್ಲ, ಮುಂದಿನ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಸರಿಯಾಗಿ ಬೀಳಿ.

ಫೋನಿನಲ್ಲಿ ಮೆಟ್ರೋನೋಮ್ (ಲಯಕ್ಕೆ ಟಿಕ್ ಟಿಕ್ ಅನ್ನುವ ಆ್ಯಪ್) ಹಾಕಿಕೊಳ್ಳಿ, ನಿಮಿಷಕ್ಕೆ 50 ಟಿಕ್‌ಗೆ ಇಡಿ, ಒಂದು ಟಿಕ್‌ಗೆ ಒಂದೇ ಮಾತ್ರೆ. ತುಂಬಾ ನಿಧಾನ ಅನಿಸುತ್ತದೆ, ಬೇಸರವೂ ಆಗುತ್ತದೆ. ಆದರೆ ತಬಲಾದಲ್ಲಿ ನಮಗೆ ಒಂದೇ ಕಾಯ್ದಾವನ್ನು (ಅಭ್ಯಾಸದ ಬೋಲುಗಳ ರಚನೆ) ತಿಂಗಳುಗಟ್ಟಲೆ ಠಾಯ (ನಿಧಾನ) ಲಯದಲ್ಲಿ ನುಡಿಸಿಸಿದ ಮೇಲೇ ದುಗುಣಕ್ಕೆ (ಎರಡು ಪಟ್ಟು ವೇಗಕ್ಕೆ) ಬಿಟ್ಟದ್ದು. ಯೂಟ್ಯೂಬ್‌ನಲ್ಲಿ ಆ ತಾಳ್ಮೆ ಹೇಳಿಕೊಡುವವರು ಕಡಿಮೆ.

ಆರು ತಂತಿ (ಬೆಳಗಾವಿ)

ನೋವಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಶುರುವಿನಲ್ಲಿ ಎಲ್ಲರಿಗೂ ನೋಯುತ್ತದೆ. ನೋವಾಯಿತು ಅಂತ ಬಿಟ್ಟವರು ಮತ್ತೆ ಹಿಡಿದದ್ದು ನಾನು ನೋಡಿಲ್ಲ.

ಕ್ಯಾಂಪ್ ಕಾಯರ್ (ಬೆಳಗಾವಿ)

ಇದನ್ನು ನಾನು ಒಪ್ಪುವುದಿಲ್ಲ ಅಣ್ಣಾ. ಬೆರಳ ತುದಿ ಉರಿಯುವುದು ಬೇರೆ, ಕೆಲವು ವಾರಕ್ಕೆ ಚರ್ಮ ಗಟ್ಟಿಯಾಗಿ ಹೋಗುತ್ತದೆ. ಮಣಿಕಟ್ಟು, ಹೆಬ್ಬೆರಳ ಬುಡ ನೋಯುವುದು ಬೇರೆ. ನಾನೂ ಹಿಂದೊಮ್ಮೆ ಕ್ರಿಸ್‌ಮಸ್ ಹಾಡುಗಳ ತಯಾರಿಯಲ್ಲಿ ನೋವು ನುಂಗಿಕೊಂಡೇ ನುಡಿಸಿದೆ. ಆಮೇಲೆ ಎರಡು ತಿಂಗಳು ಗಿಟಾರ್ ಮುಟ್ಟಲು ಆಗಲಿಲ್ಲ, ನೀರಿನ ಕೊಡ ಎತ್ತಲೂ ಆಗುತ್ತಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಕಾಯರ್ ಹಾಡುವಾಗ ನಾನು ಸುಮ್ನೆ ಬೆಂಚಿನಲ್ಲಿ ಕೂತಿದ್ದೆ, ಅದು ಇವತ್ತಿಗೂ ನೋಯುತ್ತದೆ.

ತಮ್ಮಾ, ಮೂರು ನಾಲ್ಕು ದಿನ ಪೂರ್ತಿ ಬಿಡು. ಕಡಿಮೆ ಆಗದಿದ್ದರೆ ಡಾಕ್ಟರಿಗೆ ತೋರಿಸು. ಮತ್ತೆ ಹಿಡಿದಾಗ ಒಂದು ಪರೀಕ್ಷೆ ಮಾಡು. ಒಂದು ತಂತಿ ಒತ್ತಿ ಮೀಟುತ್ತಾ ಒತ್ತಡ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋಗು, ಝರ್ ಅನ್ನುವವರೆಗೆ. ಅದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಒತ್ತಿದರೆ ಸಾಕು. ನೀನು ಈಗ ಎಷ್ಟು ವ್ಯರ್ಥ ಬಲ ಹಾಕುತ್ತಿದ್ದೀ ಅಂತ ಆಗ ತಿಳಿಯುತ್ತದೆ. ಆಮೇಲೆ ಹೆಬ್ಬೆರಳು ಪೂರ್ತಿ ತೆಗೆದು, ತೋಳಿನ ಭಾರದಿಂದಲೇ ತಂತಿಯನ್ನು ಹಿಂದಕ್ಕೆ ಎಳೆದು ಕಾರ್ಡ್ ಹಿಡಿಯಲು ನೋಡು.

ಗುಮ್ಮಟದ ಊರು (ವಿಜಯಪುರ)

ಎಲ್ಲ ತಪ್ಪನ್ನೂ ಕೈ ಮೇಲೆ ಹಾಕಬೇಡಿ, ಗಿಟಾರನ್ನೂ ನೋಡಿ. 1ನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಎಫ್ ಆಕಾರವನ್ನೇ ಒಂದು ಫ್ರೆಟ್ ಮುಂದೆ, 2ನೇ ಫ್ರೆಟ್‌ನಲ್ಲಿ ಹಿಡಿಯಿರಿ. ಒಮ್ಮೆಲೇ ತುಂಬಾ ಹಗುರ ಆಯಿತೆಂದರೆ ನಿಮ್ಮ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಗೀರುಪಟ್ಟಿ) ಎತ್ತರ ಇದೆ, ಅದರ ಗೀರುಗಳನ್ನು ಸ್ವಲ್ಪ ಉಜ್ಜಿಸಬೇಕು. ಮನೆಯಲ್ಲಿ ನೀವೇ ಉಜ್ಜಬೇಡಿ, ಜಾಸ್ತಿ ಇಳಿದರೆ ಖಾಲಿ ತಂತಿ ಝರ್ ಅನ್ನುತ್ತದೆ, ಆಮೇಲೆ ನಟ್ ಬದಲಿಸಬೇಕಾಗುತ್ತದೆ. 12ನೇ ಫ್ರೆಟ್ ಮೇಲೆ ದಪ್ಪ ತಂತಿ ಎಷ್ಟು ಎತ್ತರ ಇದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. 2.5 ಮಿಲಿಮೀಟರ್ ಹತ್ತಿರ ಇದ್ದರೆ ಒಳ್ಳೆಯದು, 4 ಇದ್ದರೆ ನಿಮ್ಮ ಕೈ ಪಾಪ ಏನು ಮಾಡೀತು.

ನಮ್ಮ ಕಡೆಯ ಬಿಸಿಲೂ ಕಾರಣ ಆಗುತ್ತದೆ. ಏಪ್ರಿಲ್, ಮೇ ತಿಂಗಳ ಒಣ ಸೆಕೆಗೆ ಮರ ಕುಗ್ಗಿ ಫ್ರೆಟ್ ತುದಿಗಳು ಅಂಚಿನಿಂದ ಹೊರಗೆ ಬಂದು ಕೈಗೆ ಚುಚ್ಚುತ್ತವೆ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ಚೀಲದಲ್ಲಿಡಿ.

ಇನ್ನೊಂದು, ಕೂತ ಕೂಡಲೇ ಸುರ ಹಚ್ಚುವುದು. ತಂಬೂರಿ ಸುರ ಹಚ್ಚದೆ ಯಾರೂ ಹಾಡಲು ಕೂಡುವುದಿಲ್ಲ, ಗಿಟಾರ್ ಮಾತ್ರ ವಾರಗಟ್ಟಲೆ ಹಾಗೇ ನುಡಿಸುತ್ತೇವೆ. ಕಿವಿಗೆ ಅಪಸುರವೇ ರೂಢಿಯಾಗುತ್ತದೆ. ಎಂಟು ತಿಂಗಳ ಹಳೆಯ ತಂತಿಯಾದರೆ ಬದಲಿಸಿ, 10ರ ಗೇಜ್ (ತೆಳು ತಂತಿಯ ಸೆಟ್) ಹಾಕಿಸಿ.

ನವನಗರದ ಹುಡುಗ (ಬಾಗಲಕೋಟೆ)

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಐದು ದಿನ ಗಿಟಾರ್ ಮುಟ್ಟಲಿಲ್ಲ, ನೋವು ಹೋಯಿತು. ಕ್ಯಾಪೊ ಹಾಕಿ ನೋಡಿದೆ, ನಟ್ ಎತ್ತರವೇ ಇತ್ತು. ಭಾನುವಾರ ಬೆಳಗಾವಿಗೆ ಒಯ್ದು ಸರಿ ಮಾಡಿಸಿ 10ರ ತಂತಿ ಹಾಕಿಸಿದೆ. ಎಂಟು ತಿಂಗಳ ಹಿಂದೆಯೇ ಇದನ್ನು ಯಾರಾದರೂ ಹೇಳಿದ್ದರೆ ಅನಿಸಿತು.

ಈಗ ಎ ಮೈನರ್‌ನಿಂದ ಎಫ್‌ಗೆ ಮೆಟ್ರೋನೋಮ್ 50ರಲ್ಲಿ ನಿಲ್ಲದೆ ಹೋಗುತ್ತೇನೆ. 70ಕ್ಕೆ ಹೋದರೆ ಮತ್ತೆ ಠಪ್ ಅನ್ನುತ್ತದೆ. ಹಾಡು ಇರುವುದು 84ರಲ್ಲಿ, ನಿಶ್ಚಯಕ್ಕೆ 16 ದಿನ ಇದೆ. ಆಗುತ್ತದಾ ಅಕ್ಕಾ?

ಕ್ಯಾಂಪ್ ಕಾಯರ್ (ಬೆಳಗಾವಿ)

ಆರೂ ತಂತಿಯ ದೊಡ್ಡ ಎಫ್ ಅಷ್ಟರಲ್ಲಿ ಆಗದೇ ಇರಬಹುದು, ಅವಸರ ಮಾಡಿ ಮತ್ತೆ ಕೈ ಕೆಡಿಸಿಕೊಳ್ಳಬೇಡ. ಅವತ್ತಿಗೆ ಚಿಕ್ಕ ಎಫ್ ನುಡಿಸು. 4ನೇ ತಂತಿ 3ನೇ ಫ್ರೆಟ್, 3ನೇ ತಂತಿ 2ನೇ ಫ್ರೆಟ್, ಮೊದಲ ಎರಡು ತಂತಿ 1ನೇ ಫ್ರೆಟ್‌ನಲ್ಲಿ, 5 ಮತ್ತು 6ನ್ನು ಮೀಟಬೇಡ. ಅದೂ ಎಫ್‌ನೇ. ಇವತ್ತಿನಿಂದಲೇ ಅದರಲ್ಲಿ ಶುರು ಮಾಡು, ದೊಡ್ಡದನ್ನು ದಿನಕ್ಕೆ 5 ನಿಮಿಷ ಬೇರೆಯಾಗಿ ಇಟ್ಟುಕೋ. ತಂಗಿಗೆ ನನ್ನ ಕಡೆಯಿಂದಲೂ ಶುಭಾಶಯ ಹೇಳು.